ಗಾಳಿ ತಾಕಬಾರದ ಬಂಡೆ

ಆ ಶಿಕ್ಷಕಿ ಮೊದಲು ಬೈದದ್ದು ಹಾಲಿನವನನ್ನು. ಟೀಗೆಂದು ನೀರಿಗೆ ಹಾಲು ಬೆರೆಸಿ ಒಲೆಯ ಮೇಲಿಟ್ಟರೆ ಕುದಿ ಬರುವ ಮೊದಲೇ ಒಡೆದುಹೋಗುತ್ತಿತ್ತಂತೆ. ಹಾಲಿನ ಬೂತ್ ಬದಲಾಯಿಸಿದರು, ಪಾತ್ರೆ ಬದಲಾಯಿಸಿದರು. ಆಮೇಲೆ ತೊಗರಿಬೇಳೆಯ ಸರದಿ. ಕುಕ್ಕರ್ ಎಷ್ಟು ಕೂಗಿದರೂ ಬೇಳೆ ಬೇಯುತ್ತಿರಲಿಲ್ಲ. ದಿನಸಿ ಅಂಗಡಿಯವನ ಜೊತೆ ಜಗಳವಾಯಿತು. ಹೊಸ ಗೀಸರ್ ಸೋರತೊಡಗಿತು. ಕೊನೆಗೆ ಬಚ್ಚಲಿನ ಬಿಳಿ ಟೈಲ್ಸ್ ಮೇಲೆ, ನಲ್ಲಿಯ ಕೆಳಗೆ, ನವಿಲಿನ ಕತ್ತಿನ ಬಣ್ಣದ ಗೆರೆಯೊಂದು ಇಳಿಯತೊಡಗಿದಾಗ ಅವರಿಗೆ ಅನುಮಾನ ಬಂದು, ಒಂದು ಬಾಟಲಿ ನೀರು ಹಿಡಿದು ಮೈಸೂರಿನ ವಿದ್ಯಾರಣ್ಯಪುರಂನಲ್ಲಿರುವ ನನ್ನ ನೀರು ಪರೀಕ್ಷೆಯ ಲ್ಯಾಬಿಗೆ ಬಂದರು.

"ಮೇಡಂ, ಬಕೆಟ್ಟು, ಚೊಂಬು ಎಲ್ಲಾ ಹಸಿರಾಗೋಗಿದೆ ಕಣ್ರೀ. ಉಜ್ಜಿದ್ರೂ ಹೋಗ್ತಿಲ್ಲ. ಮಗು ಇದೇ ನೀರು ಕುಡೀತಾ ಇದೆ. ನೀವೇ ಒಂದು ಸಲ ನೋಡ್ಬುಡಿ."

ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದೆ. ಗಾಜಿನಂಥ ನೀರು. ವಾಸನೆಯಿಲ್ಲ, ಕಸವಿಲ್ಲ. ಮಂಡಕಳ್ಳಿಯ ವಿಮಾನ ನಿಲ್ದಾಣ ದಾಟಿ ಇನ್ನೂ ಮುಂದೆ, ಹಳ್ಳಿಯೊಂದರ ಪಕ್ಕದಲ್ಲಿ ಎದ್ದ ಹೊಸ ಬಡಾವಣೆ ಅವರದು. ಆ ಬಡಾವಣೆಗೂ ಹಳ್ಳಿಗೂ ಒಂದೇ ಕೆರೆಯ ಬದಿಯ ಎರಡು ಕೊಳವೆ ಬಾವಿಗಳಿಂದ ನೀರು. ಮೈಸೂರಿನ ಸುತ್ತಲಿನ ಕೊಳವೆ ಬಾವಿಯ ನೀರು ನನಗೆ ಚೆನ್ನಾಗಿ ಗೊತ್ತು. ಅದು ಗಡಸು ನೀರು. ಪಾತ್ರೆಯಲ್ಲಿ ಬಿಳಿ ಪದರ ಕಟ್ಟುತ್ತದೆ, ಸೋಪು ನೊರೆ ಬರಿಸುವುದಿಲ್ಲ. ಹುಳಿಯಾಗಿರುವುದಂತೂ ನಾನು ಎಂದೂ ನೋಡಿರಲಿಲ್ಲ. ಹುಳಿ ಅಳೆಯುವ ಪಿಎಚ್ ಮೀಟರಿನ ಕಡ್ಡಿ ಅದ್ದಿದೆ; ಅದರಲ್ಲಿ ಅಂಕಿ ಇಳಿದಷ್ಟೂ ಹುಳಿ ಹೆಚ್ಚು. ಏಳರ ಮೇಲಿರಬೇಕಾದ ಅಂಕಿ ಇಳಿಯುತ್ತಾ ಇಳಿಯುತ್ತಾ ಐದರ ಕೆಳಗೆ ಹೋಗಿ ನಿಂತಿತು. ಮೀಟರ್ ಕೆಟ್ಟಿರಬಹುದೆಂದು, ಅಂಕಿ ಮೊದಲೇ ಗೊತ್ತಿರುವ ಬಫರ್ ದ್ರಾವಣಗಳಲ್ಲಿ ಅದ್ದಿ ಸರಿಮಾಡಿ ಮತ್ತೆ ನೋಡಿದೆ. ಅದೇ ಅಂಕಿ.

ಇಷ್ಟು ಹುಳಿಯಾದ ನೀರು ಹಾಲನ್ನು ಒಡೆಯುತ್ತದೆ, ಬೇಳೆಯನ್ನು ಬೇಯಗೊಡುವುದಿಲ್ಲ, ತಾಮ್ರ ಹಿತ್ತಾಳೆಯನ್ನು ಒಳಗೊಳಗೇ ತಿನ್ನುತ್ತದೆ. ಟೈಲ್ಸ್ ಮೇಲೆ ಇಳಿದದ್ದು ಅವರ ಗೀಸರಿನ ತಾಮ್ರವೇ. ಅದನ್ನು ಶಿಕ್ಷಕಿಗೆ ಹೇಳಿ, ಕುಡಿಯಲು ಬೇರೆ ನೀರು ತರಿಸಿಕೊಳ್ಳಿ ಎಂದೆ. ಅವರು ಬಾಟಲಿಯನ್ನೇ ನೋಡುತ್ತಾ ಕೇಳಿದರು:

"ಹುಳಿ ಎಲ್ಲಿಂದ ಬಂತು ಮೇಡಂ?"

ಸಲ್ಫೇಟ್ ಪರೀಕ್ಷೆ ಮಾಡಿದೆ. ನೀರಿಗೆ ಬೇರಿಯಂ ಲವಣ ಹಾಕಿದರೆ ಸಲ್ಫೇಟ್ ಇದ್ದಷ್ಟು ಬೆಳ್ಳಗೆ ಮೋಡ ಕಟ್ಟುತ್ತದೆ. ಆ ಮೋಡ ಎಷ್ಟು ಮಂದವಾಗಿದೆ ಎಂಬುದನ್ನು ಅಳೆಯುತ್ತೇವೆ. ಈ ನೀರು ಮಜ್ಜಿಗೆಯಾಯಿತು. ತೆಳುಮಾಡಿ ಮತ್ತೆ ನೋಡಿದೆ, ಮತ್ತೂ ತೆಳುಮಾಡಿದೆ. ಗಂಧಕಾಮ್ಲ ಎಂಬುದು ಖಚಿತವಾಯಿತು. ನನ್ನ ತಲೆಗೆ ಮೊದಲು ಹೊಳೆದದ್ದು ಬ್ಯಾಟರಿ. ಆ ಕಡೆ ಹಳೆಯ ಬ್ಯಾಟರಿ ಒಡೆದು ಸೀಸ ತೆಗೆಯುವ ಶೆಡ್ಡೊಂದಿದೆ ಎಂದು ಯಾರೋ ಹೇಳಿದರು. ಅದರ ಬೆನ್ನು ಹತ್ತಿದೆ. ಶೆಡ್ಡಿನ ಹಿಂದಿನ ಚರಂಡಿ, ಪಕ್ಕದ ತೋಟದ ಬಾವಿ, ಮಣ್ಣು, ಎಲ್ಲದರ ಮಾದರಿ ತಂದೆ. ಶೆಡ್ಡಿನವರು ಗೇಟು ಹಾಕಿಕೊಂಡರು, ಬೈದರು. ಹಲವು ದಿನ ಕಳೆದ ಮೇಲೆ ಫಲಿತಾಂಶ ಬಂತು. ಶೆಡ್ಡಿನ ಸುತ್ತ ಸೀಸವಿತ್ತು, ಆದರೆ ಶಿಕ್ಷಕಿಯ ನೀರಿನಲ್ಲಿ ಸೀಸದ ಸುಳಿವೇ ಇರಲಿಲ್ಲ. ಅದರಲ್ಲಿದ್ದದ್ದು ಕಬ್ಬಿಣ, ಮ್ಯಾಂಗನೀಸ್, ಅಲ್ಯೂಮಿನಿಯಂ. ಇವು ಬ್ಯಾಟರಿಯಿಂದ ಬರುವಂಥವಲ್ಲ. ಬಂಡೆಯನ್ನು ಕರಗಿಸಿಕೊಂಡು ಬಂದ ನೀರು ಅದು.

ಅಷ್ಟರಲ್ಲಿ ಬಡಾವಣೆಯ ಇನ್ನೂ ಕೆಲವು ಮನೆಗಳಿಂದ ಬಾಟಲಿಗಳು ಬಂದವು. ಪ್ರತಿ ಸಲವೂ ಅಂಕಿ ಸ್ವಲ್ಪ ಸ್ವಲ್ಪ ಕೆಳಗೆ ಇಳಿದಿರುತ್ತಿತ್ತು.

ಮೀಟರನ್ನು ಚೀಲಕ್ಕೆ ಹಾಕಿಕೊಂಡು ಕೊಳವೆ ಬಾವಿಯಿಂದ ಕೆರೆಗೆ, ಕೆರೆಯಿಂದ ಅದಕ್ಕೆ ನೀರು ತರುವ ಹಳ್ಳದ ಗುಂಟ ಮೇಲಕ್ಕೆ ನಡೆಯುವುದೊಂದೇ ದಾರಿ ಉಳಿದಿತ್ತು. ಯುಗಾದಿ ಕಳೆದು ಒಂದೆರಡು ಮಾವಿನ ಮಳೆ ಬಿದ್ದಿದ್ದ ಸಮಯ. ಕೆರೆಯ ದಂಡೆಗೆ ಬಂದಾಗ ಮೊದಲು ಗಮನಕ್ಕೆ ಬಂದದ್ದು ಅಲ್ಲಿನ ಸದ್ದಿಲ್ಲದ ಬೆಳಗು. ಕಪ್ಪೆಯಿಲ್ಲ, ಕೊಕ್ಕರೆಯಿಲ್ಲ, ನೀರ ಮೇಲೆ ಓಡಾಡುವ ಹುಳುಗಳೂ ಇಲ್ಲ. ನೀರು ಎಷ್ಟು ತಿಳಿಯೆಂದರೆ ದಂಡೆಯಿಂದ ದೂರದವರೆಗೂ ತಳದ ಕಲ್ಲು ಎಣಿಸಬಹುದಿತ್ತು, ಮತ್ತು ಆ ಕಲ್ಲುಗಳೆಲ್ಲ ಕಾವಿ ಬಳಿದ ಹಾಗೆ ಕೆಂಪಗಿದ್ದವು. ಕೆಸರಿನಲ್ಲಿದ್ದ ಬಸವನಹುಳುವಿನ ಚಿಪ್ಪೊಂದನ್ನು ಎತ್ತಿದೆ. ಬೆರಳೊತ್ತಿದರೆ ಹಪ್ಪಳದಂತೆ ಮುರಿಯಿತು. ನಗರದ ಚರಂಡಿ ಸೇರಿ ಕಪ್ಪಾಗಿ ನಾರುವ ಕೆರೆಗಳನ್ನು ಎಷ್ಟೋ ನೋಡಿದ್ದೇನೆ. ಅಲ್ಲಿ ಮೂಗು ಮುಚ್ಚಿಕೊಂಡಿದ್ದೇನೆಯೇ ಹೊರತು ಹೆದರಿಲ್ಲ. ಈ ತಿಳಿ ನೀರಿನ ದಂಡೆಯಿಂದ ಮಾತ್ರ ಒಂದು ಹೆಜ್ಜೆ ಹಿಂದೆ ಸರಿದೆ.

ಹಳ್ಳ ಹತ್ತಿದಂತೆ ಅಂಕಿ ಇಳಿಯಿತು. ಬೇಸಿಗೆಯಲ್ಲಿ ಒಣಗಿರಬೇಕಾದ ಹಳ್ಳದಲ್ಲಿ ನೀರು ಹರಿಯುತ್ತಿತ್ತು. ಅದರ ಮೂಲದಲ್ಲಿ, ಜಾಲಿಯ ಪೊದೆಗಳ ನಡುವೆ, ದಪ್ಪನೆಯ ಪೈಪೊಂದು ಬಾಯ್ತೆರೆದು ನೀರು ಕಕ್ಕುತ್ತಿತ್ತು. ಪೈಪಿನ ಗುಂಟ ದಿಬ್ಬ ಹತ್ತಿದೆ. ಆಚೆ ಭೂಮಿ ಒಮ್ಮೆಗೇ ಇಳಿದುಹೋಗಿತ್ತು.

ಗಣಿ. ಬ್ರಿಟಿಷರ ಕಾಲದಲ್ಲಿ ಯಾರೋ ಚಿನ್ನ ಸಿಗಬಹುದೆಂದು ತೋಡಿ, ಸಿಗದೆ ಬಿಟ್ಟುಹೋದ ದೊಡ್ಡ ಗುಂಡಿ. ಹಳ್ಳಿಯವರ ಮಾತಿನಲ್ಲಿ 'ದೊರೆ ಹಳ್ಳ'. ತಲೆಮಾರುಗಳಿಂದ ಅಂಚಿನವರೆಗೆ ನೀರು ತುಂಬಿ ನಿಂತಿದ್ದ ಆ ಗುಂಡಿ ಈಗ ಬಹುಪಾಲು ಬರಿದಾಗಿತ್ತು. ತಳದಲ್ಲಿ ಉಳಿದಿದ್ದ ನೀರು ಕಡು ಕೆಂಪು. ಗೋಡೆಗಳ ಮೇಲೆ ಹಳದಿ, ಬಿಳಿ, ತಿಳಿ ಹಸಿರು ಪುಡಿ ಹುಣ್ಣಿನ ಹಕ್ಕಳೆಯಂತೆ ಎದ್ದಿತ್ತು. ಕಲ್ಲೊಂದನ್ನು ಒಡೆದು ನೋಡಿದೆ. ಒಳಗೆ ಹಿತ್ತಾಳೆ ಬಣ್ಣದ ಸಣ್ಣ ಸಣ್ಣ ಕಣಗಳು ಹೊಳೆದವು: ಪೈರೈಟ್, ಕಬ್ಬಿಣ ಮತ್ತು ಗಂಧಕ ಸೇರಿದ ಖನಿಜ. ನೀರಿನಲ್ಲಿ ಮುಳುಗಿರುವವರೆಗೆ ಅದು ಕಲ್ಲು ಅಷ್ಟೆ. ಗಾಳಿಗೆ ಬಿದ್ದರೆ ತುಕ್ಕು ಹಿಡಿಯುತ್ತದೆ, ಆ ತುಕ್ಕಿನ ಮೇಲೆ ಮಳೆ ಬಿದ್ದರೆ ಗಂಧಕಾಮ್ಲ ಇಳಿಯುತ್ತದೆ.

"ಯಾರ್ರೀ ಅದು? ಅಲ್ ಅಂಚಿಗೋಗ್ಬೇಡಿ! ಮಣ್ ಕುಸೀತದೆ!"

ಪಂಪಿನ ಶೆಡ್ಡಿನಿಂದ ಓಡಿ ಬಂದವರು ಹಳ್ಳಿಯ ನೀರುಗಂಟಿ. ಕೆರೆಯ ತೂಬಿನ ಕೆಲಸ, ಕೊಳವೆ ಬಾವಿಯ ಮೋಟರ್ ಹಾಕುವ ಕೆಲಸ ಅವರದೇ. ಈಗ ಬಡಾವಣೆ ಕಟ್ಟುವ ಕಂಪನಿಯವರು ಈ ಪಂಪನ್ನೂ ಅವರಿಗೇ ವಹಿಸಿದ್ದರು. ಐವತ್ತು ದಾಟಿದ, ಗಟ್ಟಿಮುಟ್ಟಾದ ಮನುಷ್ಯ. ಕಾಲಿಗೆ ಹಳೆಯ ಬಟ್ಟೆ ಸುತ್ತಿಕೊಂಡಿದ್ದರು. ಕೇಳಿದ್ದಕ್ಕೆ ಬಿಚ್ಚಿ ತೋರಿಸಿದರು. ಪಾದದ ಚರ್ಮ ಸುಲಿದು, ಬೆರಳ ಸಂದಿಗಳು ಬಿರುಕು ಬಿಟ್ಟು ಹಸಿಯಾಗಿದ್ದವು. ಗುಂಡಿಯೊಳಗೆ ನೀರೆಳೆಯುವ ಪೈಪಿನ ಬಾಯಿಗೆ ಕಸ ಕಟ್ಟಿದಾಗಲೆಲ್ಲ ಬರಿಗಾಲಲ್ಲಿ ಆ ಕೆಂಪು ನೀರಿಗೆ ಇಳಿಯುತ್ತಿದ್ದರಂತೆ.

"ಅದು ನೀರಲ್ಲ ಅಣ್ಣ, ಆಸಿಡ್. ಇನ್ನು ಇಳೀಬೇಡಿ," ಎಂದೆ.

"ಇಳೀದೆ ಎಂಗೆ ಮೇಡಂ? ಇನ್ನೊಂದ್ ಸ್ವಲ್ಪ ಅದೆ, ತಳ ಕಂಡ್ಬುಡ್ತದೆ." ಗುಂಡಿಯತ್ತ ನೋಡುತ್ತಲೇ ಅಂದರು: "ನನ್ ತಮ್ಮ ಇದ್ರಲ್ಲೇ ಓದ. ದನ ಮೈ ತೊಳ್ಯುಕೆ ಬಂದಿದ್ದ. ಅದುಕ್ ಮೊದ್ಲೂ ಇಬ್ರು ಓಗವ್ರೆ. ಇದುನ್ನ ಮುಚ್ಚೋಗಂಟ ನಂಗೆ ನಿದ್ದೆ ಇಲ್ಲ."

ಕಂಪನಿಯ ಯೋಜನೆಯೂ ಅದೇ: ಗುಂಡಿ ಬರಿದು ಮಾಡಿ, ಕಟ್ಟಡದ ಅವಶೇಷ ಮತ್ತು ಮಣ್ಣು ತುಂಬಿ, ಮೇಲೊಂದು ಉದ್ಯಾನ. ಪಂಚಾಯಿತಿ ಸಂತೋಷದಿಂದ ಒಪ್ಪಿತ್ತು. ಪಂಪ್ ಹಚ್ಚುವ ಮುನ್ನ ಮೇಲಿನ ನೀರನ್ನು ಎಲ್ಲೋ ಪರೀಕ್ಷೆಗೂ ಕೊಟ್ಟಿದ್ದರು. ಆಗ ಅದು ಒಳ್ಳೆಯ ನೀರೇ ಆಗಿತ್ತು. ಯಾರ ಮನಸ್ಸಿನಲ್ಲೂ ಕೇಡಿರಲಿಲ್ಲ. ಒಬ್ಬ ಮನುಷ್ಯ ತನ್ನ ತಮ್ಮನ ಸಾವಿಗೆ ಕಾರಣವಾದ ನೀರನ್ನು ಹಗಲೂ ರಾತ್ರಿ ಹೊರಗೆ ಚೆಲ್ಲುತ್ತಿದ್ದ, ಅದು ಊರಿನ ಕುಡಿಯುವ ನೀರಿಗೆ ಇಳಿಯುತ್ತಿತ್ತು.

ಕೊಳವೆ ಬಾವಿಗಳನ್ನು ನಿಲ್ಲಿಸಿ ಟ್ಯಾಂಕರ್ ನೀರು ತರಿಸುವ ವ್ಯವಸ್ಥೆ ಬೇಗ ಆಯಿತು. ಬಡಾವಣೆಯ ಎಂಜಿನಿಯರ್ ಹಿನಕಲ್ ಕಡೆಯವರು, ನಲವತ್ತರ ಆಸುಪಾಸಿನವರು, ಚುರುಕು. ಮೊದಲ ಭೇಟಿಯಲ್ಲಿ ವಾದ ಮಾಡಿದರು, ಎರಡನೆಯದರಲ್ಲಿ ಗಣಿಯ ತಳದ ನೀರಿಗೆ ನಾನು ಮೀಟರ್ ಅದ್ದಿದ್ದನ್ನು ನೋಡಿ ವಾದ ಬಿಟ್ಟರು. ಅಂಕಿ ಮೂರಕ್ಕಿಂತಲೂ ಕೆಳಗಿತ್ತು. ನಿಂಬೆರಸಕ್ಕೆ ಹತ್ತಿರ.

"ಸುಣ್ಣ ಹಾಕ್ಬಿಡೋಣ ಮೇಡಂ. ಆಸಿಡ್‌ಗೆ ಸುಣ್ಣ. ಸಿಂಪಲ್."

ನನಗೂ ಆಗ ಹೊಳೆದದ್ದು ಅದೇ. ಲಾರಿಗಟ್ಟಲೆ ಸುಣ್ಣ ತಂದು, ಡ್ರಮ್ಮುಗಳಲ್ಲಿ ಕಲಸಿ, ಕೆರೆಯ ದಂಡೆಯ ಉದ್ದಕ್ಕೂ ಬಿಟ್ಟೆವು. ಹಳ್ಳದ ಪಾತ್ರದಲ್ಲಿ ಸುಣ್ಣದ ಕಲ್ಲಿನ ಹಾಸು ಹಾಸಿದೆವು, ಹರಿಯುವ ನೀರು ತಾನಾಗಿ ಸಪ್ಪೆಯಾಗಲಿ ಎಂದು. ಕೆರೆಯಲ್ಲಿ ಅಂಕಿ ಏರಿತು. ಕರಗಿದ್ದ ಕಬ್ಬಿಣವೆಲ್ಲ ರಾಗಿ ಅಂಬಲಿಯಂಥ ಕೆಸರಾಗಿ ತಳಕ್ಕೆ ಕೂತಿತು. ಶಿಕ್ಷಕಿ ಫೋನ್ ಮಾಡಿ, "ಇನ್ನು ಬೋರ್ ನೀರು ಬಿಡಿಸಬಹುದಾ ಮೇಡಂ?" ಎಂದರು. ಇನ್ನೊಂದು ಮಳೆ ನೋಡೋಣ ಎಂದೆ.

ಮಳೆ ಬಂತು, ಜೋರಾಗಿಯೇ. ಗಣಿಯ ಗೋಡೆಗಳ ಮೇಲಿದ್ದ ಹಳದಿ ಪುಡಿಯನ್ನೆಲ್ಲ ಅದು ತೊಳೆದು ತಳಕ್ಕಿಳಿಸಿತು, ಸುಣ್ಣದ ನಂಬಿಕೆಯಲ್ಲಿ ನಾವು ನಿಲ್ಲಿಸದೆ ಬಿಟ್ಟಿದ್ದ ಪಂಪು ಅದನ್ನು ಹಳ್ಳಕ್ಕೆ ಎತ್ತಿ ಹಾಕಿತು. ಹಾಸಿದ್ದ ಸುಣ್ಣದ ಕಲ್ಲುಗಳ ಮೇಲೆ ಕಬ್ಬಿಣದ ತುಕ್ಕು ಚಿಪ್ಪಿನಂತೆ ಕಟ್ಟಿಕೊಂಡಿತ್ತು. ನೀರು ಕಲ್ಲನ್ನು ಮುಟ್ಟದೆಯೇ ಜಾರಿ ಹೋಗುತ್ತಿತ್ತು. ಕೆರೆಯ ಅಂಕಿ ಸುಣ್ಣ ಹಾಕುವ ಮುಂಚೆ ಇದ್ದದ್ದಕ್ಕಿಂತ ಕೆಳಗೆ ಬಿತ್ತು. ಮರುದಿನ ಕೆರೆಯಿಂದ ಕೆಳಗಿನ ಹೊಂಡದಲ್ಲೂ ಮೀನುಗಳು ಹೊಟ್ಟೆ ಮೇಲಾಗಿ ತೇಲಿದವು. ಆ ಹೊಂಡದಾಚೆ ಗದ್ದೆ, ಗದ್ದೆಯಾಚೆ ಇನ್ನೊಂದು ಊರಿನ ಕೆರೆ. ಮುಂಗಾರು ಇನ್ನೂ ಶುರುವಾಗಿರಲಿಲ್ಲ.

ಬಂಡೆಯನ್ನು ಮತ್ತೆ ನೀರಿನಲ್ಲಿ ಮುಳುಗಿಸಿದರೆ ಆಮ್ಲ ಹುಟ್ಟುವುದು ನಿಲ್ಲುತ್ತದೆ ಎಂದು ಪುಸ್ತಕಗಳಲ್ಲಿ ಓದಿದ್ದೆ. ಅದನ್ನು ಬಾಯಿಬಿಟ್ಟು ಹೇಳಲು ಹಿಂಜರಿಯುತ್ತಿದ್ದೆ. ನೀರುಗಂಟಿಯವರ ಮುಂದೆ ನಿಂತು ಆ ಗುಂಡಿಯನ್ನು ಮತ್ತೆ ತುಂಬಿಸಿ ಎನ್ನುವುದು ಹೇಗೆ? ಎಂಜಿನಿಯರ್ ಅಂತೂ ಬೇರೆಯೇ ಹೇಳುತ್ತಿದ್ದರು: ಪೂರ್ತಿ ಬರಿದು ಮಾಡಿ ಬೇಗ ಮಣ್ಣು ತುಂಬಿಬಿಟ್ಟರೆ ಗಾಳಿ ತಾಕುವುದಿಲ್ಲವಲ್ಲ? ಇಟ್ಟಿಗೆ ಚೂರು, ಕಾಂಕ್ರೀಟ್ ಗಡ್ಡೆಗಳ ಸಂದಿಗಳಲ್ಲಿ ಗಾಳಿ ಇದ್ದೇ ಇರುತ್ತದೆ ಎಂದೆ. ಅವರಿಗೆ ಪೂರ್ತಿ ನಂಬಿಕೆ ಬರಲಿಲ್ಲ. ನೀರು ಇಳಿದ ಮೇಲೆ ಗಣಿಯ ಒಂದು ಗೋಡೆಯಲ್ಲಿ ಸುರಂಗದ ಬಾಯಿ ಕಾಣಿಸಿತ್ತು, ಆಳೆತ್ತರದ್ದು. ಅದು ಕೆರೆಯ ಕಡೆಗೇ ಹೋಗಿದೆಯೋ, ಅರ್ಧದಲ್ಲಿ ನಿಂತಿದೆಯೋ ತಿಳಿಯದೆ ತುಂಬುವುದಾಗಲಿ ಬಿಡುವುದಾಗಲಿ ಆಗದು ಎಂಬ ವಿಷಯದಲ್ಲಿ ಮಾತ್ರ ಇಬ್ಬರಿಗೂ ಒಮ್ಮತವಿತ್ತು.

ಹಾಗಾಗಿ ಒಂದು ಬೆಳಿಗ್ಗೆ ನೀರುಗಂಟಿಯವರೂ ಸೇರಿ ಮೂವರೂ ಏಣಿಯಿಂದ ಇಳಿದೆವು. ಹಳೆಯ ಗಣಿಯೊಳಗಿನ ಗಾಳಿಯ ಬಗ್ಗೆ ಕೇಳಿದ್ದೆನಾದ್ದರಿಂದ ಆಮ್ಲಜನಕ ಅಳೆಯುವ ಸಣ್ಣ ಮೀಟರೊಂದನ್ನು ಪರಿಚಯದವರಿಂದ ತಂದಿದ್ದೆ. ಬಾಯಿಯ ಹೊರಗೆ ನಿಂತು ಅದನ್ನು ಕೋಲಿನ ತುದಿಗೆ ಕಟ್ಟಿ ಒಳಗೆ ಚಾಚಿ ನೋಡೋಣ, ಯಾರೂ ಒಳಗೆ ಹೋಗುವುದು ಬೇಡ ಎಂದು ಮಾತಾಗಿತ್ತು. ಆದರೂ ನನ್ನ ಒತ್ತಾಯಕ್ಕೆ ಎಂಜಿನಿಯರ್ ಸೊಂಟಕ್ಕೆ ಹಗ್ಗ ಕಟ್ಟಿಕೊಂಡಿದ್ದರು. ಕೆಂಪು ಕೆಸರಿನಲ್ಲಿ ಕಾಲು ಜಾರಿದರೆ ಇರಲಿ ಎಂದು. ಇನ್ನೊಂದು ತುದಿ ನೀರುಗಂಟಿಯವರ ಕೈಯಲ್ಲಿ.

ನಾನು ಚೀಲದಿಂದ ಮೀಟರ್ ತೆಗೆದು ಕೋಲಿಗೆ ಕಟ್ಟುತ್ತಿದ್ದೆ. ಎಂಜಿನಿಯರ್ ಟಾರ್ಚ್ ಹಾಕಿ ಸುರಂಗದ ಬಾಯಿಯಲ್ಲಿ ಬಗ್ಗಿ ನೋಡಿದರು.

"ಅಲ್ಲೇ ತಿರುವು ಕಾಣ್ತಿದೆ ಮೇಡಂ. ಎರಡು ಹೆಜ್ಜೆ, ಅಷ್ಟೆ. ನೋಡಿ ಬಂದ್ಬಿಡ್ತೀನಿ."

"ಬೇಡ, ತಡೀರಿ!" ಎನ್ನುವಷ್ಟರಲ್ಲಿ ಒಳಗಾಗಿದ್ದರು.

ಟಾರ್ಚಿನ ಬೆಳಕು ಗೋಡೆಯ ಮೇಲೆ ಸ್ವಲ್ಪ ದೂರ ಸರಿಯಿತು. ಆಮೇಲೆ ಅದು ಕೆಳಗೆ ಬಿದ್ದು ಒಂದೇ ಕಡೆ ನಿಂತಿತು. ಕೂಗಿಲ್ಲ, ಕೆಮ್ಮಿಲ್ಲ. ಕೆಸರಿನಲ್ಲಿ ಏನೋ ಕೂತ ಹಾಗೆ ಮೆತ್ತನೆಯ ಸದ್ದು ಮಾತ್ರ.

"ಸಾರ್? ಸಾರ್!" ನೀರುಗಂಟಿ ಕೂಗಿ, ಒಳಗೆ ನುಗ್ಗಲು ಹೊರಟರು. ನಾನು ಅವರ ಅಂಗಿ ಹಿಡಿದು ಜಗ್ಗಿದೆ. "ಒಳಗೆ ಹೋಗ್ಬೇಡಿ! ಹೋದ್ರೆ ನೀವೂ ಬೀಳ್ತೀರ. ಹಗ್ಗ ಎಳೀರಿ, ಹಗ್ಗ!"

ಎಳೆದೆವು. ಹಗ್ಗ ಮೊದಲು ಬಿಗಿಯಿತು, ಬರಲಿಲ್ಲ. ಅವರ ದೇಹ ಎಲ್ಲೋ ಕಲ್ಲಿಗೆ ಸಿಕ್ಕಿಕೊಂಡಿತ್ತು. ನೀರುಗಂಟಿ ಹುಣ್ಣಾದ ಪಾದಗಳನ್ನು ಬಂಡೆಗೆ ಒತ್ತಿ, ಇಡೀ ಮೈಯನ್ನು ಹಿಂದಕ್ಕೆ ಎಸೆದು ಎಳೆದರು. "ಬಾ ಸಾಮಿ, ಬಾ, ಬಂದ್ಬುಡು," ಎಂದು ದನವನ್ನು ಕರೆಯುವ ಹಾಗೆ, ಮಗುವನ್ನು ಕರೆಯುವ ಹಾಗೆ ಒಂದೇ ಸಮ ಅನ್ನುತ್ತಿದ್ದರು. ಸಿಕ್ಕು ಬಿಟ್ಟಿತು. ಕೆಸರಿನ ಮೇಲೆ ಜಾರುತ್ತಾ ಎಂಜಿನಿಯರ್ ಹೊರಗೆ ಬಂದರು. ಮುಖ ಬೂದಿ ಬಣ್ಣ, ತುಟಿ ನೀಲಿ. ಬಯಲಿಗೆ ಎಳೆದು ಮಲಗಿಸಿ ಬಾಯಿಗೆ ಬಾಯಿಟ್ಟು ಊದಿದೆ. ಅವರ ಎದೆ ಒಮ್ಮೆ ಬಿಕ್ಕಿತು. ಮತ್ತೆ ಬಿಕ್ಕಿತು. ಕಣ್ಣು ತೆರೆದಾಗ ಅವರು ಮೊದಲು ನೋಡಿದ್ದು ಆಕಾಶವನ್ನು, ಅದು ಏನೆಂದು ಗೊತ್ತಾಗದವರಂತೆ.

ಅವರನ್ನು ಆಸ್ಪತ್ರೆಗೆ ಸಾಗಿಸಿದ ಮೇಲೆ, ಏಣಿಯ ಬಳಿ ಬಿದ್ದಿದ್ದ ಕೋಲನ್ನು ತೆಗೆದುಕೊಂಡು ಸುರಂಗದೊಳಗೆ ಚಾಚಿದೆ. ಯಾಕೆ ಎಂದು ಈಗಲೂ ಸರಿಯಾಗಿ ಹೇಳಲಾರೆ. ಕೈಗೆ ಏನಾದರೂ ಕೆಲಸ ಬೇಕಿತ್ತು. ಮೀಟರ್ ಕಿರುಚತೊಡಗಿತು. ಮನುಷ್ಯ ಬದುಕಲು ಬೇಕಾದ ಆಮ್ಲಜನಕದ ಅರ್ಧವೂ ಅಲ್ಲಿರಲಿಲ್ಲ. ವಿಷಾನಿಲವೇನೂ ಅಲ್ಲ. ಬಂಡೆ ಉಸಿರಾಡಿತ್ತು. ತಲೆಮಾರುಗಳ ಕಾಲ ನೀರಿನಡಿ ಸುಮ್ಮನಿದ್ದ ಕಲ್ಲು, ನಾವು ನೀರು ತೆಗೆದ ಕ್ಷಣದಿಂದ ಗಾಳಿಯನ್ನು ಎಳೆದುಕೊಂಡು ತನ್ನೊಳಗಿನ ಗಂಧಕವನ್ನು ಸುಡುತ್ತಾ ಕೂತಿತ್ತು. ಸುರಂಗದೊಳಗೆ ತಿನ್ನಲು ಗಾಳಿ ಮುಗಿದಿತ್ತು. ಹೊರಗೆ ಗಾಳಿಗೆ ಕೊನೆಯಿರಲಿಲ್ಲ.

ಅಲ್ಲಿಂದ ಮೇಲೆ ಬರುವಾಗ ಪಂಪು ನಿಲ್ಲಿಸಿ ಎಂದೆ. ನೀರುಗಂಟಿ ಆ ಗಾಬರಿಯಲ್ಲಿ ಮರುಮಾತಾಡದೆ ನಿಲ್ಲಿಸಿದರು. ಯಾಕೆಂದು ಅವರಿಗೆ ತಿಳಿದದ್ದು ಪಂಚಾಯಿತಿಯ ಸಭೆಯಲ್ಲಿ.

ಸಭೆಯಲ್ಲಿ ನಾನು ಹೇಳಿದ್ದು ಇಷ್ಟು: ಗುಂಡಿಯನ್ನು ಬರಿದು ಮಾಡಲಾಗದು, ಮಣ್ಣು ತುಂಬಲೂ ಆಗದು. ಸುರಂಗದ ಬಾಯಿಯನ್ನು ಹೊರಗಿನಿಂದಲೇ ಗೋಡೆ ಕಟ್ಟಿ ಮುಚ್ಚಬೇಕು. ಗಣಿಯ ಗೋಡೆಗಳಿಗೆ ಸುಣ್ಣದ ನೀರು ಹೊಡೆದು, ತಳಕ್ಕೆ ಸುಣ್ಣ ಸುರಿದು, ಮುಂಗಾರಿನ ನೀರನ್ನು ಮೇಲಿನ ಹೊಲಗಳಿಂದ ಕಾಲುವೆ ತೋಡಿ ಗುಂಡಿಗೆ ತಿರುಗಿಸಿ ಬೇಗ ತುಂಬಿಸಬೇಕು. ತುಂಬಿದ್ದನ್ನು ಮತ್ತೆಂದೂ ಇಳಿಯಗೊಡಬಾರದು. ಎರಡೂ ಕೊಳವೆ ಬಾವಿಗಳನ್ನು ಮುಚ್ಚಬೇಕು; ಅವು ಮತ್ತೆ ಕುಡಿಯುವ ನೀರು ಕೊಡುತ್ತವೆ ಎಂದು ನಾನು ಮಾತು ಕೊಡಲಾರೆ.

ಗದ್ದಲವಾಯಿತು. "ಮುಚ್ಚಿಸ್ತೀವಿ ಅಂದ್ರಿ, ಈಗ ತುಂಬ್ಸಿ ಅಂತೀರಲ್ಲ, ನಿಮ್ ಮಕ್ಳು ಬೀಳಲ್ಲ ಅಲ್ವಾ?" ಎಂದು ಹೆಂಗಸೊಬ್ಬರು ಕೂಗಿದರು. ನೀರುಗಂಟಿ ಎದ್ದು, ಯಾರ ಮುಖವನ್ನೂ ನೋಡದೆ ಹೊರಟುಹೋದರು. ಮರುದಿನ ಗಣಿಯ ಹತ್ತಿರ ಹೋದರೆ ಪಂಪು ಮತ್ತೆ ಓಡುತ್ತಿತ್ತು.

ಅವರು ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದರು. ನಾನೂ ಸ್ವಲ್ಪ ದೂರದಲ್ಲಿ ಕೂತೆ.

"ತಳ ಕಂಡೋಯ್ತು ಮೇಡಂ," ಎಂದರು. "ಅಲ್ಲಿ ನೋಡಿ, ಆ ಮೂಲೇಲಿ. ಏನೂ ಇಲ್ಲ. ಕೆಸರು, ಒಂದ್ ತಂತಿ ಹಗ್ಗ. ಇಷ್ಟ್ ವರ್ಸ ಏನೋ ಅದೆ ಅಂದ್ಕೊಂಡಿದ್ದೆ."

"ನಾನು ಹೇಳಿದ್ದು ನಿಮಗೆ ಎಷ್ಟು ಕಷ್ಟ ಅಂತ ನನಗೆ ಗೊತ್ತು ಅಣ್ಣ."

"ಗೊತ್ತಿಲ್ಲ ಬುಡಿ." ಸಿಟ್ಟಿಲ್ಲದೆ ಹೇಳಿದರು. "ತಮ್ಮನ್ ಎತ್ತಿದ್ದು ನಾನು. ಈ ಕೈಲಿ. ಈಗ ನೀರ್ ತುಂಬುಸ್ದ್ರೆ ನಾಳೆ ಇನ್ನೊಬ್ಬ ಬೀಳ್ತಾನೆ. ಅವತ್ತು ನೀವ್ ಬತ್ತೀರ?"

"ತುಂಬಿಸ್ದಿದ್ರೆ ಈ ಸಲದ ಮಳೆಗೆ ಕೆಳಗಿನ ಊರ ಕೆರೆಗೂ ಹೋಗುತ್ತೆ. ನಿಮ್ಮ ಕಾಲು ನೋಡ್ಕೊಳ್ಳಿ. ಅದು ಮಕ್ಕಳ ಹೊಟ್ಟೆಗೆ ಹೋಗುತ್ತೆ. ಎರಡೂ ಕೆಟ್ಟದ್ದೇ. ಬೀಳೋದನ್ನ ಬೇಲಿ ಹಾಕಿ ತಡೀಬಹುದು. ಇದನ್ನ ತಡಿಯೋಕೆ ನನಗೆ ನೀರು ಬಿಟ್ಟು ಬೇರೆ ದಾರಿ ಕಾಣ್ತಿಲ್ಲ."

ಅವರು ಕಾಲಿನ ಬಟ್ಟೆ ಬಿಚ್ಚಿ ಮತ್ತೆ ಬಿಗಿದು ಸುತ್ತಿಕೊಂಡರು. ಕೊನೆಗೆ ಕೇಳಿದರು: "ಎಷ್ಟ್ ವರ್ಸ ತುಂಬಿರ್ಬೇಕು?"

"ಯಾವಾಗ್ಲೂ."

"ಯಾವಾಗ್ಲೂ ಅಂದ್ರೆ?"

"ನಾವಿಬ್ಬರೂ ಹೋದ ಮೇಲೂ."

ಅವರು ಎದ್ದು ಶೆಡ್ಡಿಗೆ ಹೋದರು. ಪಂಪಿನ ಸದ್ದು ನಿಂತಿತು. ಬಾಗಿಲಲ್ಲಿ ನಿಂತು, "ಬೇಲಿ ಅಲ್ಲ, ಗೋಡೆ. ಆಳೆತ್ತರದ್ದು. ಬೀಗದ ಕೈ ನನ್ ಅತ್ರ ಇರ್ಬೇಕು," ಎಂದರು.

ಆಸ್ಪತ್ರೆಯಿಂದ ಬಂದ ಎಂಜಿನಿಯರ್ ಎರಡನೆಯ ಮಾತಾಡದೆ ಗೋಡೆಗೆ ಒಪ್ಪಿದರು, ಕಂಪನಿಯವರನ್ನೂ ಒಪ್ಪಿಸಿದರು. ಸುರಂಗದ ಬಾಯಿಗೆ ಸಾಮಾನ್ಯ ಸಿಮೆಂಟ್ ಹಾಕಿದರೆ ಈ ನೀರು ಅದನ್ನೂ ತಿಂದುಬಿಡುತ್ತದೆ ಎಂದು ಸಲ್ಫೇಟ್ ತಡೆಯುವ ಸಿಮೆಂಟನ್ನು ಅವರೇ ಹುಡುಕಿ ತರಿಸಿದರು. ಕಟ್ಟುವಾಗ ಒಬ್ಬರೂ ಆ ಬಾಯಿಯೊಳಗೆ ತಲೆ ಹಾಕದಂತೆ ತಾವೇ ನಿಂತು ಕಾದರು. ಅವರ ಧ್ವನಿ ಇನ್ನೂ ಸಣ್ಣದಾಗಿತ್ತು. ಗೋಡೆಗಳಿಗೆ ಸುಣ್ಣ ಹೊಡೆದು ಮುಗಿಸಿದಾಗ ಗಣಿ ಹಬ್ಬಕ್ಕೆ ಬಳಿದ ಮನೆಯಂತೆ ಬೆಳ್ಳಗಾಯಿತು. ಆ ಬಿಳುಪು ಯಾರಿಗೂ ಹಿತವೆನಿಸಲಿಲ್ಲ.

ಮುಂಗಾರು ತಡವಾಗಿ ಬಂತು, ಬಂದ ಮೇಲೆ ಚೆನ್ನಾಗಿಯೇ ಸುರಿಯಿತು. ನೀರುಗಂಟಿ ಮೇಲಿನ ಕಾಲುವೆಗಳನ್ನು ಒಂದೊಂದಾಗಿ ಗುಂಡಿಗೆ ತಿರುಗಿಸಿದರು. ಏರುತ್ತಿದ್ದ ನೀರು ಮೊದಲು ಕೆಂಪಾಗಿ, ಆಮೇಲೆ ಕಂದು ಬಣ್ಣವಾಗಿ, ಆಮೇಲೆ ಹಸಿರಾಗಿ ಬಂತು. ಅಂಕಿ ಹತ್ತುತ್ತಾ ಇಳಿಯುತ್ತಾ, ನನ್ನನ್ನು ಹೆದರಿಸುತ್ತಾ, ಕೊನೆಗೆ ಮೇಲ್ಮೈಯಲ್ಲಿ ಆರರ ಮೇಲೆ ನಿಂತಿತು. ದಾರದಲ್ಲಿ ಮುಚ್ಚಳದ ಬಾಟಲಿ ಇಳಿಸಿ ತಳದ ನೀರನ್ನೂ ತೆಗೆದು ನೋಡುತ್ತೇನೆ, ಈಗಲೂ. ತಳದಲ್ಲಿ ಹುಳಿ ನೀರಿನ ಒಂದು ಪದರ ಇನ್ನೂ ಹಾಗೇ ಇದೆ, ಮೇಲಿನ ಒಳ್ಳೆಯ ನೀರಿನ ಅಡಿ ಮಲಗಿದೆ. ಕೆರೆಗೆ ಎರಡನೆಯ ಮಳೆಗಾಲದಲ್ಲಿ ಕಪ್ಪೆಗಳು ಬಂದವು. ಹಳ್ಳಿಗೂ ಬಡಾವಣೆಗೂ ಹೊಳೆ ನೀರಿನ ಪೈಪು ಬಂತು. ಕೊಳವೆ ಬಾವಿಗಳು ಮುಚ್ಚಿಯೇ ಇವೆ. ಶಿಕ್ಷಕಿ ಮನೆ ಬದಲಾಯಿಸಿದರು. ಗೀಸರಿನಲ್ಲಿ ಕರಗಿ ಬಂದ ತಾಮ್ರ ಮಗುವಿನ ಹೊಟ್ಟೆಗೆ ಏನು ಮಾಡಿತೆಂದು ವೈದ್ಯರೂ ಖಚಿತವಾಗಿ ಹೇಳಲಿಲ್ಲ.

ಈ ವರ್ಷ ಹಿಂಗಾರು ಕೈಕೊಟ್ಟಿತು, ಮಾವಿನ ಮಳೆಯೂ ಬರಲಿಲ್ಲ. ಪೈಪಿನ ನೀರು ವಾರಕ್ಕೊಮ್ಮೆ ಆಯಿತು. ಬೇಸಿಗೆಯ ಒಂದು ಮಧ್ಯಾಹ್ನ ನೀರುಗಂಟಿಯವರ ಫೋನ್ ಬಂತು. "ಮೇಡಂ, ಬೇಗ್ ಬನ್ನಿ" ಎಂದಷ್ಟೇ ಹೇಳಿ ಇಟ್ಟರು. ನಾನು ಹೋದಾಗ ಗೋಡೆಯ ಒಂದು ಭಾಗ ಒಡೆದಿತ್ತು. ಅದರ ಸಂದಿಯಲ್ಲಿ ದಪ್ಪ ರಬ್ಬರ್ ಪೈಪು ತೂರಿಸಿ ಟ್ಯಾಂಕರೊಂದು ನಿಂತಿತ್ತು. ಚಕ್ರದ ಗುರುತುಗಳು ನೋಡಿದರೆ ಅದೇ ಮೊದಲ ಸಲವಲ್ಲ. ನೀರುಗಂಟಿ ಟ್ಯಾಂಕರಿನ ಮುಂದೆ, ಬಾನೆಟ್ಟಿಗೆ ಬೆನ್ನು ಒತ್ತಿ ನಿಂತಿದ್ದರು.

"ಇಷ್ಟು ತಿಳಿ ನೀರು ಸುಮ್ನೆ ಬಿದ್ದಿದೆಯಲ್ಲ ಮೇಡಂ," ಎಂದ ಚಾಲಕ ನನ್ನನ್ನು ನೋಡಿ. "ಜನ ಅಲ್ಲಿ ನೀರಿಲ್ದೆ ಸಾಯ್ತಾವ್ರೆ. ಈ ಯಜಮಾನ್ರಿಗೆ ಹೇಳಿ ಸ್ವಲ್ಪ."

ನಾನು ಒಡೆದ ಗೋಡೆಯ ಒಳಗೆ ಹೋಗಿ ನೋಡಿದೆ. ನೀರು ಮೊಣಕಾಲೆತ್ತರ ಇಳಿದಿತ್ತು. ಹೊರಬಂದ ಬಂಡೆಯ ಪಟ್ಟಿಯ ಉದ್ದಕ್ಕೂ ಆಗಲೇ ಹಳದಿ ಪುಡಿ ಎದ್ದಿತ್ತು. ಬೆರಳಲ್ಲಿ ಸವರಿದೆ, ಅಂಟಿಕೊಂಡಿತು.

ನಾನು ಹೊರಗೆ ಬಂದು ಏನಾದರೂ ವಿವರಿಸುವ ಮೊದಲೇ ನೀರುಗಂಟಿ ಕೇಳಿದರು: "ಹಳ್ದಿ ಪುಡಿ ಅದೆಯಾ ಮೇಡಂ?"

"ಅದೆ."

ಅವರು ಚಾಲಕನ ಕಡೆ ತಿರುಗಿದರು. "ತುಂಬ್ಕೊಂಡಿರೋದ್ನ ವಾಪಸ್ ಬುಡು."

"ಏನ್ ಯಜಮಾನ್ರೆ, ಒಂದ್ ಟ್ಯಾಂಕ್ ನೀರು..."

"ವಾಪಸ್ ಬುಡು ಮಗ."

ಚಾಲಕ ನಗಲು ಹೋದ. ಅವರ ಮುಖ ನೋಡಿ ಗಾಡಿ ಹಿಂದಕ್ಕೆ ತಿರುಗಿಸಿ, ಪೈಪನ್ನು ಗುಂಡಿಗೆ ಇಳಿಬಿಟ್ಟು ವಾಲ್ವ್ ತೆಗೆದ. ನೀರು ಬಿಸಿಲಲ್ಲಿ ಹೊಳೆಯುತ್ತಾ ಧಾರೆಯಾಗಿ ಬಿತ್ತು. ಟ್ಯಾಂಕರ್ ಪೂರ್ತಿ ಖಾಲಿಯಾಗುವವರೆಗೆ ನೀರುಗಂಟಿ ಅಲ್ಲಿಂದ ಕದಲಲಿಲ್ಲ. ಆಮೇಲೆ ಬಗ್ಗಿ ಅಂಚಿನ ಬಂಡೆಯನ್ನು ನೋಡಿದರು. ನೀರಿನ ಮಟ್ಟ ಒಂದು ಬೆರಳೂ ಏರಿರಲಿಲ್ಲ; ಹಳದಿ ಪಟ್ಟಿ ಹಾಗೇ ಹೊರಗಿತ್ತು.